ಎಂಟನೆಯ ಮಗ್ಗ

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಕಾಲದವಳು ನಾನು. ಆದ್ದರಿಂದ ಈ ಬರಹದಲ್ಲಿ ಅವರು ಬರೀ ‘ಇವರು’. ಇನ್ನೊಬ್ಬಳು ನಮ್ಮ ಭಾವನವರ ಮಗಳು. ಹುಟ್ಟಿದ್ದು ಅಕ್ಕಲಕೋಟೆಯಲ್ಲಿ, ಏಳನೆಯ ಇಯತ್ತೆಯ ತನಕ ಓದಿದ್ದು ಕನ್ನಡ ಶಾಲೆಯಲ್ಲಿ, ಈಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಮನೆಯಲ್ಲಿ ಎಲ್ಲರಿಗೂ ಅವಳು ‘ಮಗಳು’.

ಸೊಲ್ಲಾಪುರದ ಅಕ್ಕಲಕೋಟ ರೋಡ್ ಎಂಐಡಿಸಿಯಲ್ಲಿ ನಮ್ಮದೊಂದು ಶೆಡ್ ಇದೆ. ಒಳಗೆ ಎಂಟು ಜಕಾರ್ಡ್ ಮಗ್ಗ, ಮುಂದೆ ಚಾದರ ಮಾರುವ ಒಂದು ಕೌಂಟರ್. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಜನರಿಗಾಗಿ ಇನ್ನೊಂದು ಸಣ್ಣ ಅಂಗಡಿ. ಬೀಗರು, ಪರಿಚಯದವರು ಫೋನಿನಲ್ಲಿ ಕೇಳುವ ಚಾದರಗಳ ಲೆಕ್ಕ ನನ್ನದು. ಎರಡೂ ಅಂಗಡಿಯ ಕಂಪ್ಯೂಟರಿಗೆ ಬಿಲ್ ಮಾಡುವ ಪ್ರೋಗ್ರಾಮ್ ಬರೆದುಕೊಟ್ಟವಳು ಮಗಳೇ.

ಒಂದು ಬುಧವಾರ ಅವಳು ಪುಣೆಯಲ್ಲಿ ಕೂತುಕೊಂಡೇ ಅದನ್ನು ಬದಲಿಸಿದಳು. ಗುರುವಾರ ಅಕ್ಕಲಕೋಟೆಯಲ್ಲಿ ಜಗಳವಾಯಿತು. ಶನಿವಾರ ರಾತ್ರಿ ಅವಳು ಮನೆಗೆ ಬಂದಳು. ರವಿವಾರ ನಾನು ಶೇಂಗಾ ಚಟ್ನಿ ಕುಟ್ಟುತ್ತಿದ್ದೆ, ಇಬ್ಬರೂ ಪಡಸಾಲೆಯಲ್ಲಿ ಕೂತು ಮಾತಾಡಿದರು. ಕುಟ್ಟುವ ಸದ್ದಿನಲ್ಲಿ ತಪ್ಪಿಹೋದ ಮಾತಿಗೆ ನಾನು ಹೊಣೆಯಲ್ಲ.

ಇವರು: ನೀ ಬದಲ್ ಮಾಡೀನಿ ಅಂದಿ. ಇಲ್ಲಿ ಶೆಡ್ಡಿನಾಗ ಬದಲ್ ಆಗ್ಯದ, ಖರೇ. ಅಕ್ಕಲಕೋಟ್ಯಾಗ ಅರ್ಧ ಆಗ್ಯದ, ಅರ್ಧ ಆಗಿಲ್ಲ. ಡಬಲ್ ಚಾದರಿಗೆ ಪರದೇ ಮ್ಯಾಲ 950 ಅಂತ ಕಾಣಸ್ತದ. ಬಿಲ್ ಹೊಡದ್ರ 1,050 ಬರ್ತದ. ಅಫಜಲಪುರದ ಮಂದಿ ಐದು ಚಾದರ ತಗೊಂಡಿದ್ರು. ‘ದೇವರ ಬಾಗಲಾಗ ಕೂತು ಹಿಂಗ ಮಾಡ್ತೀರೇನ್ರಿ’ ಅಂದ್ರಂತ. ಆ ಅಂಗಡೀ ಹುಡುಗ ಏನು ಹೇಳಬೇಕು?

ಮಗಳು: ತಪ್ಪು ನಂದೇ ಅದ ಕಾಕಾ. ಹೊಸಾ ಫೈಲ್ ಅಲ್ಲಿಗೂ ಕಳಿಸೀನಿ, ಅವು ಹೋಗಿ ಮುಟ್ಟ್ಯಾವ. ಆದ್ರ ಪ್ರೋಗ್ರಾಮ್ ರಿಡಿಪ್ಲಾಯ್ ಮಾಡಿಲ್ಲ.

ಇವರು: ಏನು ಮಾಡಿಲ್ಲ?

ಮಗಳು: ರಿಡಿಪ್ಲಾಯ್. ಓಡಾಕತ್ತಿದ್ದ ಪ್ರೋಗ್ರಾಮಿಗೆ ‘ನಿನ್ನ ಒಳಗಿನ ಸಾಮಾನು ಬದಲ್ ಆಗ್ಯದ, ಹಳೇದ ಇಳಿಸು, ಹೊಸಾದ ಏರಿಸ್ಕೋ’ ಅಂತ ಹೇಳೂದು.

ಇವರು: ಫೈಲ್ ಹೋಗಿ ಮುಟ್ಟ್ಯಾವ ಅಂತಿ. ಮತ್ತ ಬ್ಯಾರೆ ಹೇಳೂದ್ಯಾಕ? ಅದಕ್ಕ ಕಾಣಂಗಿಲ್ಲೇನು?

ಮಗಳು: ಕಾಣಂಗಿಲ್ರಿ. ಸುರು ಆಗೂ ಮುಂದ ಒಮ್ಮೆ ಡಿಸ್ಕಿನಿಂದ ಓದಿ ಮೆಮರಿಗೆ ತಗೋತದ. ಆಮ್ಯಾಲ ಡಿಸ್ಕಿನ ಕಡೆ ಹೊಳ್ಳಿ ನೋಡೂದಿಲ್ಲ. ನೀವು ಡಿಸ್ಕಿನ್ಯಾಗ ಏನರೆ ತಿದ್ದ್ರಿ, ಅದು ತನ್ನ ನೆನಪಿನಾಗ ಇದ್ದದ್ದನ್ನ ಹಿಡಕೊಂಡು ಓಡ್ತಿರ್ತದ.

ಇವರು: ಗೂಟಕ್ಕಿದ್ದ ರಟ್ಟು.

(ಮಗಳಿಗೆ ಇದು ತಿಳಿಯಲಿಲ್ಲ. ನನಗೆ ತಿಳಿದು ಕೈ ನಿಂತಿತು. ಜಕಾರ್ಡ್ ಮಗ್ಗದ ನೆತ್ತಿಯಿಂದ ರಟ್ಟಿನ ಪಟ್ಟಿಗಳ ಒಂದು ಉದ್ದನೆಯ ಸರ ಇಳಿಬಿದ್ದಿರುತ್ತದೆ. ಒಂದು ಪಟ್ಟಿ ಎಂದರೆ ಹೊಕ್ಕಿನ ಒಂದು ಎಳೆ. ಪಟ್ಟಿಯಲ್ಲಿ ತೂತಿದ್ದರೆ ಸೂಜಿ ಅದರೊಳಗೆ ಹೋಗುತ್ತದೆ, ಸೂಜಿಯ ಕೊಕ್ಕೆ ಹಾಸಿನ ನೂಲನ್ನು ಮೇಲೆತ್ತುತ್ತದೆ. ತೂತಿಲ್ಲದಲ್ಲಿ ನೂಲು ಕೆಳಗೇ ಉಳಿಯುತ್ತದೆ. ನಡುವಿನ ಸಂದಿಯಲ್ಲಿ ಲಾಳಿ ಹಾಯುತ್ತದೆ, ಪಟ್ಟಿ ಸರಿಯುತ್ತದೆ, ಮುಂದಿನದು ಬರುತ್ತದೆ. ಚಾದರದ ಮೇಲಿನ ನವಿಲೂ ಹೂವೂ ತೂತಿನಿಂದ ಹುಟ್ಟಿದವು. ಪಟ್ಟಿಗಳನ್ನು ಅಂಕಿಯ ಸಾಲಿನಂತೆ ಜೋಡಿಸಿ ದಾರದಿಂದ ಹೊಲಿದು ಸರ ಮಾಡುವುದು ಇಪ್ಪತ್ತು ವರ್ಷ ನನ್ನ ಕೆಲಸವಾಗಿತ್ತು. ಹೊಲಿದು ಮುಗಿಸಿದ್ದನ್ನು ಮಗ್ಗದ ಪಕ್ಕದ ಗೂಟಕ್ಕೆ ಹಾಕಿ ಬರುತ್ತಿದ್ದೆ. ಏರಿಸುವವರು ಏರಿಸುವ ತನಕ ಅದು ಗೂಟಕ್ಕೇ ಇರುತ್ತಿತ್ತು, ಮಗ್ಗ ಹಳೆಯದನ್ನೇ ನೇಯುತ್ತಿತ್ತು.)

ಮಗಳು: ಓ, ಹಂಗ! ಹೌದ್ರಿ, ಗೂಟಕ್ಕಿದ್ದ ರಟ್ಟೇ. ನಾ ಗೂಟಕ್ಕ ಹಾಕಿ ಕೈ ಝಾಡಿಸ್ಕೊಂಡೆ.

ಇವರು: ಆದ್ರ ಪರದೇ ಮ್ಯಾಲ 950 ಹ್ಯಾಂಗ ಬಂತು? ಗೂಟಕ್ಕಿದ್ದ ರಟ್ಟು ಅರ್ಧ ನೇಯೂದಿಲ್ಲ.

ಮಗಳು: ಅಲ್ಲೇ ಅದ ನೋಡ್ರಿ ಗಮ್ಮತ್ತು. ಕಣ್ಣಿಗೆ ಕಾಣೂ ಪುಟ ಬ್ಯಾರೆ, ಲೆಕ್ಕಾ ಮಾಡೂದು ಬ್ಯಾರೆ. ಪುಟದ ಫೈಲಿನ ತಾರೀಖು ಹೊಸಾದಾಗ್ಯದೋ ಇಲ್ಲೋ ಅಂತ ಸರ್ವರ್ ಆಗಾಗ ನೋಡ್ತದ, ಆಗಿದ್ರ ಅದನ್ನಷ್ಟ ಹೊಸಾದ ತಗೋತದ. ಲೆಕ್ಕದ ಭಾಗ ಹಂಗಲ್ಲ, ಸುರುವಿಗೆ ಒಮ್ಮೆ ಏರಿಸ್ಕೊಂಡದ್ದೇ. ಅದಕ್ಕ ಪುಟ ಹೊಸಾ ದರಾ ತೋರಸ್ತು, ಬಿಲ್ ಹಳೇ ದರಾ ಹೊಡೀತು.

ಇವರು: ಕಿನಾರಿ ಹೊಸಾ ರಟ್ಟಿಂದು, ಹೊಟ್ಟಿ ಹಳೇ ರಟ್ಟಿಂದು. ಇದಕ್ಕಿಂತ ಪೂರಾ ಹಳೇದ ಇದ್ದಿದ್ರ ಚಲೋ ಇತ್ತು.

ಮಗಳು: ಭಾಳ ಚಲೋ ಇತ್ತು. ಪೂರಾ ಹಳೇದಿದ್ರ ‘ಇನ್ನೂ ಬದಲ್ ಆಗಿಲ್ಲ’ ಅಂತ ಯಾರಿಗರೆ ತಿಳೀತದ. ಅರ್ಧಾ ಆದ್ರ ಆಗ್ಯದ ಅಂತ ನಂಬ್ತಾರ. ನಾಕನೇತ್ತ್ಯಾಗ ಇದ್ದಾಗ ನಮ್ಮ ಸಾಲ್ಯಾಗ ಹಿಂಗ ಆಗಿತ್ತು, ನೆನಪದೇನು? ಪುಸ್ತಕ ಬದಲ್ ಆದ ವರ್ಷ?

ಇವರು: ನನಗೇನು ನೆನಪು. ನಾ ಸಾಲಿ ಬಿಟ್ಟದ್ದೇ ನಾಕನೇತ್ತ್ಯಾಗ.

ಮಗಳು: ಪುಣೇದ ಬಾಲಭಾರತಿ ಮಹಾರಾಷ್ಟ್ರದ ಕನ್ನಡ ಸಾಲಿಗೆಲ್ಲಾ ಪುಸ್ತಕ ಮಾಡ್ತದಲ್ಲ, ಆ ವರ್ಷ ಹೊಸಾ ಪುಸ್ತಕ ಬಂತು. ಅರ್ಧ ಮಂದಿ ಕೈಯಾಗ ಹೊಸಾದು. ಉಳಿದವರ ಕೈಯಾಗ ಅಕ್ಕಂದೋ ಅಣ್ಣಂದೋ ಹಳೇದು. ಮಾಸ್ತರು ‘ಮೂವತ್ತನೇ ಪುಟ ತಗೀರಿ’ ಅಂದ್ರ ಈ ಕಡೆ ಪದ್ಯ, ಆ ಕಡೆ ಪಾಠ. ಎರಡು ದಿನ ಗದ್ದಲ.

ಇವರು: ಮಾಸ್ತರು ಏನು ಮಾಡಿದ್ರು?

ಮಗಳು: ಹಳೇ ಪುಸ್ತಕ ಎಲ್ಲಾ ಇಸ್ಕೊಂಡು ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ರು. ಇಬ್ಬಿಬ್ಬರಿಗೆ ಒಂದು ಹೊಸಾ ಪುಸ್ತಕ. ನನ್ನ ಬಾಜೂಕ ಕೂತಾಕಿ ಅತ್ತಳು, ಅಕ್ಕನ ಪುಸ್ತಕ ಅಂತ. ಮಾಸ್ತರು ಕೊಡಲಿಲ್ಲ.

ಇವರು: ಶಾಣ್ಯಾ ಇದ್ದ ಮಾಸ್ತರು.

(ಹಳೆಯದನ್ನು ಇಸಿದುಕೊಳ್ಳದೆ ಹೊಸದು ಬಂದರೆ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ. ಸಿದ್ಧರಾಮೇಶ್ವರರ ಕಾಲದಲ್ಲಿ ಈ ಊರು ಸೊನ್ನಲಿಗೆ. ಸ್ಟೇಷನ್ನಿನ ಹಲಗೆಯ ಮೇಲೆ ಈಗ ಸೋಲಾಪುರ. ನನ್ನ ಬಾಯಲ್ಲಿ ಮಾತ್ರ ಇಂದಿಗೂ ಎರಡು ಲಕಾರದ ಸೊಲ್ಲಾಪುರ. ಬ್ಯಾಂಕಿನ ಕಾಗದದಲ್ಲಿ ಒಂದು ಬರೆದು ಮಾತಿನಲ್ಲಿ ಇನ್ನೊಂದು ಆಡುತ್ತೇನೆ, ಯಾರೂ ಜಗಳ ತೆಗೆದಿಲ್ಲ. ಊರಿನ ಹೆಸರಿಗೆ ನಡೆಯುವುದು ಬಿಲ್ಲಿಗೆ ನಡೆಯುವುದಿಲ್ಲ.)

ಇವರು: ಇಲ್ಲಿ ಶೆಡ್ಡಿಂದು ಬುಧವಾರನ ಏರಿಸಿದಿ. ಅಕ್ಕಲಕೋಟಿದು ಅವತ್ತ ಯಾಕ ಏರಿಸಲಿಲ್ಲ? ನಲವತ್ತು ಕಿಲೋಮೀಟರ್ ದೂರ ಅಂತ ಬೇಜಾರ ಬಂತೇನು?

ಮಗಳು: ಪುಣೆಯಿಂದ ಎರಡೂ ಒಂದೇ ದೂರ ಕಾಕಾ. ಶೆಡ್ಡಿಂದು ಊಟದ ಹೊತ್ತಿಗೆ ಖಾಲಿ ಇತ್ತು, ಏರಿಸಿದೆ. ಅಕ್ಕಲಕೋಟ್ಯಾಗ ಆ ಹೊತ್ತಿಗೆ ಹುಡುಗ ಒಂದು ದೊಡ್ಡ ಬಿಲ್ ಮಾಡಾಕತ್ತಿದ್ದ. ಹನ್ನೊಂದು ಸಾಮಾನು ಹಾಕಿದ್ದ, ಇನ್ನೂ ಹಾಕಾಂವ ಇದ್ದ. ರಿಡಿಪ್ಲಾಯ್ ಮಾಡಿದ್ರ ಅರ್ಧ ಬರೆದ ಬಿಲ್ ಹೋಗ್ತದ. ಪ್ರೋಗ್ರಾಮ್ ಅದನ್ನೂ ಮೆಮರ್ಯಾಗ ಇಟಗೊಂಡಿರ್ತದ. ಹಳೇದನ್ನ ಇಳಿಸಿದ್ರ ಅದರ ಸಂಗಾಟ ಇದೂ ಹೋತು.

ಇವರು: ಚಾದರ ನಡುವ ಇದ್ದಾಗ ರಟ್ಟು ಬದಲಸೂದಿಲ್ಲ. ಆ ಚಾದರ ಮುಗೀಬೇಕು, ಕಡೀ ಕಿನಾರಿ ಬೀಳಬೇಕು, ಆಮ್ಯಾಲ ಮಗ್ಗ ನಿಂದ್ರಸಬೇಕು.

ಮಗಳು: ಅದಕ್ಕ ಬಿಟ್ಟೆ. ರಾತ್ರಿ ಹೆಂಗೂ ಹುಡುಗ ಅಂಗಡಿ ಮುಚ್ಚೂ ಮುಂದ ಕಂಪ್ಯೂಟರ್ ಬಂದ್ ಮಾಡ್ತಾನ, ಮುಂಜಾನೆ ಹಚ್ಚಿದ್ರ ತಾನ ಹೊಸಾದ ಓದ್ಕೋತದ ಅಂತ ತಿಳಕೊಂಡೆ.

ಇವರು: ಬಂದ್ ಮಾಡ್ತಾನಲ್ಲ? ದಿನಾ ಮಾಡ್ತಾನ.

ಮಗಳು: ಮುಚ್ಚಳ ಮುಚ್ಚತಾನ. ಮುಚ್ಚಿದ್ರ ಲ್ಯಾಪ್‌ಟಾಪ್ ಬಂದ್ ಆಗೂದಿಲ್ಲ, ಮಲಗ್ತದ. ಮುಂಜಾನೆ ತೆಗೆದ್ರ ನಿನ್ನೆ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಏಳ್ತದ. ಇವತ್ತು ನಾ ನೋಡಿದೆ. ಆ ಪ್ರೋಗ್ರಾಮ್ ನಲವತ್ತೊಂದು ದಿನದಿಂದ ಒಂದ ಸವನ ಓಡಾಕತ್ತದ.

ಇವರು: (ನಕ್ಕು) ನಾ ಹುಡುಗನಿಗೆ ಬೈದೆ.

ಮಗಳು: ಅವನಿಗೆ ಬೈಬ್ಯಾಡ್ರಿ. ಪುಣ್ಯಾಕ್ಕ ಅವನೇ ಪರದೇದ ಫೋಟೋ, ಬಿಲ್ಲಿನ ಫೋಟೋ ಎರಡೂ ತಗದು ಕಳಿಸಿದ. ಇಲ್ಲಂದ್ರ ನಂಗ ಪತ್ತೇನ ಹತ್ತತಿರಲಿಲ್ಲ. ನನ್ನ ಕಂಪ್ಯೂಟರಿನಾಗ ಎಲ್ಲಾ ಸರಿ ಕಾಣಸ್ತಿತ್ತು.

ಇವರು: ಒಂದು ಮಾತು ಕೇಳ್ತೀನಿ. ಪುಟಾ ಹೊಸಾದಾಗ್ಯದೋ ಇಲ್ಲೋ ಅಂತ ಅದು ನೋಡ್ತದ ಅಂದಿ. ಲೆಕ್ಕದ್ದನ್ನೂ ಹಂಗ ನೋಡ ಅಂದ್ರ ಆಗೂದಿಲ್ಲೇನು?

ಮಗಳು: ಆಗ್ತದ. ಬರಿಯೂ ಮುಂದ ನಮ್ಮ ಮನ್ಯಾಗ ಹಂಗ ಇಟಗೊಂಡಿರ್ತೀವಿ, ಎರಡೆರಡು ಸೆಕೆಂಡಿಗೆ ನೋಡು ಅಂತ. ನಡಿಯೂ ಅಂಗಡ್ಯಾಗ ಹಂಗ ಇಡೂದಿಲ್ಲ. ನಾ ಪುಣೆಯಿಂದ ಇಪ್ಪತ್ತು ಫೈಲ್ ಕಳಸ್ತೀನಿ ಅನ್ರಿ. ಹನ್ನೆರಡು ಮುಟ್ಟ್ಯಾವ, ಎಂಟು ಇನ್ನೂ ದಾರ್ಯಾಗ ಅವ. ಅಷ್ಟರಾಗ ಅದು ನೋಡಿ ‘ಹೊಸಾದು ಬಂತು’ ಅಂತ ಏರಿಸ್ಕೊಂಡುಬಿಟ್ರ?

ಇವರು: ಅರ್ಧ ಹೊಲಿದ ಸರಾ.

ಮಗಳು: ಅದಕ್ಕ ಕೆಲವು ಸರ್ವರ್‌ನಾಗ ಒಂದು ಚಂದನ ಯುಕ್ತಿ ಮಾಡ್ಯಾರ. ಗ್ಲಾಸ್‌ಫಿಶ್ ಅಂತ ಒಂದದ. ಅದಕ್ಕ ‘.ರಿಲೋಡ್’ ಅಂತ ಹೆಸರಿನ ಒಂದು ಫೈಲ್ ಇಡಬೇಕು. ಒಳಗ ಏನೂ ಇರೂದಿಲ್ಲ, ಖಾಲಿ. ಎಲ್ಲಾ ಫೈಲ್ ಮುಟ್ಟಿದಮ್ಯಾಲ ಆ ಖಾಲಿ ಫೈಲನ್ನ ಒಮ್ಮೆ ಮುಟ್ಟಬೇಕು. ಆಜ್ಞೆದ ಹೆಸರೂ ‘ಟಚ್’ ಅಂತನ ಅದ. ಮುಟ್ಟಿದ್ರ ಅದರ ವ್ಯಾಳೆ ಬದಲ್ ಆಗ್ತದ, ಅಷ್ಟ. ಸರ್ವರ್ ಅದೊಂದನ್ನ ನೋಡ್ತಿರ್ತದ. ವ್ಯಾಳೆ ಬದಲಾದ್ರ ‘ಎಲ್ಲಾ ಬಂದು ಮುಗೀತು, ಈಗ ಏರಿಸು’ ಅಂತ ಅರ್ಥ.

ಇವರು: ಒಳಗ ಏನೂ ಇಲ್ಲ?

ಮಗಳು: ಏನೂ ಇಲ್ಲ.

ಇವರು: ಗಿರ್ಣಿ ಭೋಂಗಾ ಇದ್ದಂಗ. ಅದರಾಗೂ ಏನೂ ಇರಲಿಲ್ಲ. ಕೂಗಿದ್ರ ಸಾವಿರ ಮಂದಿ ಪಾಳಿ ಬದಲಸ್ತಿದ್ರು.

(ಈ ಊರಿನ ದೊಡ್ಡ ಗಿರಣಿಗಳ ಭೋಂಗಾ ಕೇಳಿ ಬೆಳೆದವರ ಮಾತಿದು. ಈಗ ಗಿರಣಿಯೂ ಇಲ್ಲ, ಕೂಗೂ ಇಲ್ಲ. ಆ ಮೇಲೆ ಇಬ್ಬರೂ ಜಕಾರ್ಡಿನ ಕಥೆಗೆ ಇಳಿದರು. ಓದಿದವರು ಯಾರೇ ನಮ್ಮ ಶೆಡ್ಡಿಗೆ ಬಂದರೂ ತೂತು ಬಿದ್ದ ರಟ್ಟೇ ಕಂಪ್ಯೂಟರಿನ ಅಜ್ಜ ಎಂದು ಒಮ್ಮೆ ಹೇಳದೆ ಹೋಗುವುದಿಲ್ಲ. ಫ್ರಾನ್ಸಿನ ಲಿಯೋನಿನಲ್ಲಿ ಜಕಾರ್ಡ್ ಎಂಬಾತ 1804ರ ಹೊತ್ತಿಗೆ ಅದನ್ನು ಮಾಡಿದ, ಇಂಗ್ಲೆಂಡಿನ ಬ್ಯಾಬೇಜ್ ಅದನ್ನು ಕಂಡು ತನ್ನ ಲೆಕ್ಕದ ಯಂತ್ರಕ್ಕೂ ರಟ್ಟನ್ನೇ ಯೋಚಿಸಿದ, ಇತ್ಯಾದಿ. ಇವರಿಗೆ ಕೇಳಿ ಕೇಳಿ ಸಾಕಾಗಿದೆ. ಆದರೆ ಮಗಳು ಹೊಸದೊಂದು ಹೇಳಿದಳು: ಬ್ಯಾಬೇಜನ ಬಳಿ ಜಕಾರ್ಡನದೇ ಒಂದು ಚಿತ್ರವಿತ್ತಂತೆ, ರೇಷ್ಮೆಯಲ್ಲಿ ನೇಯ್ದದ್ದು. ಅದಕ್ಕೆ ಸುಮಾರು 24,000 ರಟ್ಟು ಬಿದ್ದಿದ್ದವಂತೆ. ನಾನು ಒಳಗಿನಿಂದಲೇ ‘ಅಷ್ಟೂ ಹೊಲದಾಕಿ ಯಾರು?’ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ.)

ಇವರು: ಅದನ್ನ ಬಿಡು. ಗುರುವಾರ ನಾ ಫೋನಿನ್ಯಾಗ ‘ಎರಡೂ ಕಡೆ ಹಳೇದ ಹಾಕಿಬಿಡು’ ಅಂದೆ. ನೀ ಆಗೂದಿಲ್ಲ ಅಂದಿ. ಯಾಕ?

ಮಗಳು: ನಂಗ ಅಮೇರಿಕಾದ್ದೊಂದು ನೆನಪಾತು. ನ್ಯೂಯಾರ್ಕ್ ಶೇರ್ ಬಜಾರದಾಗ ನೈಟ್ ಕ್ಯಾಪಿಟಲ್ ಅಂತ ದೊಡ್ಡ ಕಂಪನಿ ಇತ್ತು, ಮಂದಿ ಶೇರ್ ಕೊಂಡು ಮಾರೂದು. 2012ರ ಆಗಸ್ಟ್ 1ಕ್ಕ ಬಜಾರದಾಗ ಒಂದು ಹೊಸಾ ಪದ್ಧತಿ ಸುರು ಆಗೂದಿತ್ತು. ಅದಕ್ಕ ಹೊಸಾ ಪ್ರೋಗ್ರಾಮ್ ಬರದ್ರು. ಅವರ ಹತ್ರ ಎಂಟು ಸರ್ವರ್. ಹಾಕಾಂವ ಏಳಕ್ಕ ಹಾಕಿದ.

ಇವರು: ಒಂದು ಮರ್ತ.

ಮಗಳು: ಒಂದು ಮರ್ತ. ಇನ್ನೊಬ್ಬ ನಿಂತು ಎಣಿಸಿ ನೋಡೂ ಪದ್ಧತಿನೂ ಇರಲಿಲ್ಲ. ಇದಿಷ್ಟ ಆಗಿದ್ರ ನಡೀತಿತ್ತೇನೋ. ಆದ್ರ ಆ ಎಂಟನೇದರಾಗ ಒಂದು ಭಾಳ ಹಳೇ ತುಣುಕು ಬಿದ್ದಿತ್ತು, 2003ರಿಂದ ಯಾರೂ ಬಳಸದಿದ್ದದ್ದು. ಯಾರೂ ತಗದು ಒಗದಿರಲಿಲ್ಲ. ಅದನ್ನ ಎಬ್ಬಿಸಾಕ ಮೊದಲ ಒಂದು ಗುರ್ತು ಇಟ್ಟಿದ್ರು, ಹೊಸಾ ಪ್ರೋಗ್ರಾಮಿಗೂ ಅದೇ ಗುರ್ತು ಬಳಸಿದ್ರು. ಬಜಾರ ತೆರೀತು, ಗುರ್ತು ಬಂತು. ಏಳು ಸರ್ವರ್ ಹೊಸಾ ಕೆಲಸಾ ಮಾಡಿದ್ವು. ಎಂಟನೇದರಾಗ ಹಳೇ ದೆವ್ವ ಎದ್ದು ಕೂತಿತು. ಒಂದು ಆರ್ಡರ್ ಮುಗೀತೋ ಇಲ್ಲೋ ಅಂತ ಅದಕ್ಕ ತಿಳಿಯೂದಿಲ್ಲ. ಕಳಿಸಿದ್ದ ಕಳಿಸಿದ್ದು. ಮುಕ್ಕಾಲು ತಾಸಿನ್ಯಾಗ ನಲವತ್ತು ಲಕ್ಷ ಸೌದೆ ಆಗಿದ್ವು.

ಇವರು: ಲುಕ್ಸಾನು ಎಷ್ಟು?

ಮಗಳು: 46 ಕೋಟಿ ಡಾಲರಿಗಿಂತ ಹೆಚ್ಚು. ರೂಪಾಯಿ ಅಲ್ಲ, ಡಾಲರ್.

(ಇವರು ಬೆರಳು ಮಡಚತೊಡಗಿ ಅಲ್ಲಿಗೇ ಬಿಟ್ಟರು.)

ಮಗಳು: ಈಗ ನಿಮ್ಮ ಮಾತಿಗೆ ಬರ್ತೀನಿ. ಗದ್ದಲ ಸುರು ಆದಮ್ಯಾಲ ಅವರೂ ‘ಹೊಸಾದರಾಗ ಏನೋ ತಪ್ಪದ, ಹೊಳ್ಳಿ ಹಳೇದ ಹಾಕ್ರಿ’ ಅಂದ್ರು. ಸರಿ ಇದ್ದ ಏಳು ಸರ್ವರಿನಿಂದ ಹೊಸಾದನ್ನ ತಗದ್ರು. ಆದ್ರ ಗುರ್ತು ಬರೂದು ನಿಂತಿರಲಿಲ್ಲ. ಮೊದಲ ಒಂದರಾಗ ಇದ್ದ ದೆವ್ವ ಎಂಟರಾಗೂ ಎದ್ದು ಕೂತಿತು.

ಇವರು: ಅಯ್ಯ.

ಮಗಳು: ಬಜಾರ ತೆರಿಯೂಕಿಂತ ಮೊದಲ ಅವರ ಕಂಪ್ಯೂಟರ್ ಆ ಹಳೇ ತುಣುಕಿನ ಹೆಸರು ಹಿಡಿದು 97 ಈಮೇಲ್ ಕಳಿಸಿತ್ತಂತ. ಯಾರೂ ಓದಿರಲಿಲ್ಲ. ಗುರುವಾರ ನೀವು ಹಳೇದ ಹಾಕು ಅಂದಾಗ ಗಿರಾಕಿಗೆ ಹಂಚೂ ಚೀಟಿ ಮ್ಯಾಲೆಲ್ಲಾ 950 ಅಂತ ಛಾಪಿಸಿ ಆಗಿತ್ತು. ಎರಡೂ ಕಡೆ ಹಳೇದ ಹಾಕಿದ್ರ ಒಂದು ಊರಿನ ಜಗಳ ಎರಡು ಊರಿಗೆ ಆಗ್ತಿತ್ತು. ಅದಕ್ಕ ‘ತಡೀರಿ, ನಾ ಬರೂತನಕ ಬಿಲ್ ಕೈಲೆ ಬರೀರಿ’ ಅಂದೆ.

(ಇವರು ಏನೂ ಹೇಳಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಆ ಕಥೆ ಅವರು ಹೇಳುವವರಲ್ಲ, ನಾನೇ ಹೊರಗೆ ಬಂದು ಹೇಳಿದೆ.)

ನಾನು: ನಿನ್ನೆ ರಾತ್ರಿ ಹೊಚ್ಚಿಕೊಂಡು ಮಲಗಿದಿಯಲ್ಲ, ಆ ಚಾದರಿನ ಮೂಲ್ಯಾಗ ಇಸವಿ ನೋಡಿದೇನು?

ಮಗಳು: 1998 ಅಂತ ಅದ. ನಿಮ್ಮ ಮದುವೀದೇನು ಅಂತ ತಿಳಕೊಂಡೆ.

ನಾನು: ಮದುವಿ ಎಲ್ಲಿದು! ಒಬ್ಬರು ಗಿರಾಕಿ ಮಗಳ ಲಗ್ನಕ್ಕ ಬೀಗರಿಗೆ ಆಹೇರಿ ಕೊಡಾಕ ಚಾದರ ಹೇಳಿದ್ರು. ಮೂಲ್ಯಾಗ ಇಸವಿ ಬರಬೇಕು ಅಂದ್ರು. ಚೀಟ್ಯಾಗ 1998 ಅಂತ ಬರಕೊಟ್ರು. ಎರಡು ದಿನ ನೇಯ್ದಮ್ಯಾಲ ಓಡಿ ಬಂದು ‘ತಪ್ಪಾತು, ಲಗ್ನ ಸಂಕ್ರಮಣ ಆದಮ್ಯಾಲ ಅದ, 1999 ಮಾಡ್ರಿ’ ಅಂದ್ರು. ನಾ ಎರಡು ರಾತ್ರಿ ಕೂತು ಎಂಟು ಸರಾ ಹೊಲದೆ. ಎಂಟು ಗೂಟಕ್ಕ ಎಂಟು ಹಾಕಿ ಬಂದೆ. ನಿಮ್ಮ ಕಾಕಾ ಏಳು ಏರಿಸಿದ್ರು.

ಇವರು: ಎಂಟನೇದು ಮೂಲ್ಯಾಗಿತ್ತು. ಟ್ಯೂಬ್‌ಲೈಟ್ ಹೋಗಿತ್ತು.

ನಾನು: ಇಪ್ಪತ್ತಮೂರು ಚಾದರ ಬಿದ್ದಮ್ಯಾಲ ಗೊತ್ತಾತು. ಒಂಬತ್ತಕ್ಕೂ ಎಂಟಕ್ಕೂ ನೇಯ್ಗಿಯೊಳಗ ಎಷ್ಟು ಫರಕ? ಎರಡು ಬೆರಳಿನಷ್ಟು ನೂಲು. ಗಡಿಬಿಡ್ಯಾಗ ಯಾರ ಕಣ್ಣಿಗೂ ಬೀಳಲಿಲ್ಲ. ಹಂಚಿಹೋದ್ವು, ನಾಕು ನಮ್ಮ ಮನ್ಯಾಗ ಉಳದ್ವು. ಎರಡು ಇನ್ನೂ ಅವ.

ಮಗಳು: ಆಮ್ಯಾಲ ಏನು ಮಾಡಿದ್ರಿ?

ಇವರು: ಏನು ಮಾಡೂದು. ಹಳೇ ಸರಾ ಇಳಿಸಿದ ಕೂಡ್ಲೆ ಕಟ್ಟಿ ಅಟ್ಟಕ್ಕ ಹಾಕೂ ಪದ್ಧತಿ ಮಾಡಿದೆ. ಸರದ ಮೊದಲನೇ ರಟ್ಟಿಗೆ ನಂಬರ್ ಚೀಟಿ. ಏರಿಸಿದಮ್ಯಾಲ ಒಂದು ಗೇಣು ನೇಯ್ದು ಆ ಗೇಣು ತೋರಿಸಬೇಕು.

ನಾನು: ಯಾರಿಗೆ?

ಇವರು: ನಿನಗ.

(ಇದನ್ನು ಅವರು ಮಗಳ ಎದುರಿಗೆ ಒಪ್ಪಿಕೊಂಡದ್ದು ನನಗೆ ಚಟ್ನಿಗಿಂತ ರುಚಿಯಾಯಿತು.)

ಮಗಳು: ನಾವು ಪುಣೇದಾಗ ದೊಡ್ಡ ದೊಡ್ಡ ಹೆಸರು ಇಟ್ಟು ಮಾಡೂದು ಇದನ್ನ. ನಂಬರ್ ಚೀಟಿಗೆ ವರ್ಷನ್ ಅಂತೀವಿ. ಅಟ್ಟದ ಮ್ಯಾಲಿನ ಸರಕ್ಕ ರೋಲ್‌ಬ್ಯಾಕ್ ಅಂತೀವಿ. ನಡುವಿನ ಎರಡು ರಟ್ಟು ಹರದ್ರ ಅವನ್ನಷ್ಟ ತಗದು ಬ್ಯಾರೆ ಹಾಕಿ ಹೊಲೀತಿದ್ರಲ್ಲ ಕಾಕು, ಅದಕ್ಕ ಪ್ಯಾಚ್ ಅಂತೀವಿ. ಆ ಹೆಸರು ಖರೇನ ಅಲ್ಲಿಂದನ ಬಂದದ್ದು. ಮೊದಲಿನ ಕಂಪ್ಯೂಟರಿನಾಗ ತಪ್ಪು ತೂತಿನ ಮ್ಯಾಲ ಕಾಗದದ ತ್ಯಾಪಿ ಹಚ್ಚತಿದ್ರು.

ಇವರು: ನಮಗ ಮಗ್ಗ ನಿಂದ್ರಸೂ ಸವಡ ಇತ್ತು. ನಿಂದ್ರಸಾಕ ಬರದವರು ಏನು ಮಾಡ್ತಾರ? ಬ್ಯಾಂಕು, ರೈಲ್ವೆ?

ಮಗಳು: ಕೆಲವರು ನಿಂದ್ರಸ್ತಾರ. ರೈಲ್ವೆ ಟಿಕೀಟಿನ ವೆಬ್‌ಸೈಟು ರಾತ್ರಿ ಹನ್ನೆರಡರ ಆಜೂಬಾಜೂ ದಿನಾ ಅರ್ಧ ತಾಸು ಬಂದ್ ಇರ್ತದಲ್ಲ, ಹಂಗ. ನಿಂದ್ರಸಾಕ ಬರದವರು ಎರಡು ಜೋಡಿ ಸರ್ವರ್ ಇಡ್ತಾರ. ಹಳೇದು ಓಡತಿರೂ ಮುಂದ ಹೊಸಾದನ್ನ ಬಾಜೂಕ ತಯಾರ ಮಾಡಿ, ನೋಡಿ, ಬರೂ ಮಂದೀನ ಸಾವಕಾಶ ಆ ಕಡೆ ಹೊಳ್ಳಸ್ತಾರ. ಒಳಗಿದ್ದವರ ಕೆಲಸ ಮುಗಿಯೂತನಕ ಹಳೇದನ್ನ ಬಂದ್ ಮಾಡೂದಿಲ್ಲ.

ಇವರು: ಸಂಕ್ರಮಣದ ಗಡ್ಡಾ ಯಾತ್ರ್ಯಾಗ ನಂದಿಕೋಲು ಹೊತ್ತಂಗ. ಕೋಲು ಒಬ್ಬನ ಸೊಂಟದಿಂದ ಇನ್ನೊಬ್ಬನ ಸೊಂಟಕ್ಕ ಹೋಗಬೇಕು. ಇವನ ಕೈ ಗಟ್ಟಿ ಹತ್ತೂತನಕ ಅಂವ ಬಿಡೂದಿಲ್ಲ.

ಮಗಳು: ಹೌದು. ನಾ ಈ ಸಂಕ್ರಮಣಕ್ಕ ಬಂದಾಗ ಏಳೂ ಕೋಲು ನೋಡಿದೆ, ಇದು ಹೊಳೀಲಿಲ್ಲ.

ಇವರು: ನೀ ಫೋನಿನ್ಯಾಗ ನೋಡಿದಿ. ಮೋತಿ ಎತ್ತಿ ನೋಡಿದ್ರ ಹೊಳೀತಿತ್ತು.

(ಚಹಾ ಆಯಿತು. ಮಗಳು ಕಾಗದ ತೆಗೆದುಕೊಂಡು ಬರೆಯತೊಡಗಿದಳು. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಇಬ್ಬರೂ ಅಕ್ಕಲಕೋಟೆಗೆ ಹೋಗುವುದು. ಮೊದಲು ಅರ್ಧಂಬರ್ಧ ಬಿಲ್ ಯಾವುದೂ ಉಳಿದಿಲ್ಲವೆಂದು ನೋಡುವುದು. ಹಳೆಯದನ್ನು ಬೇರೆ ಕಡೆ ತೆಗೆದಿಡುವುದು, ಹೊಸದನ್ನು ಏರಿಸುವುದು, ಪ್ರೋಗ್ರಾಮನ್ನು ಪೂರ್ತಿ ನಿಲ್ಲಿಸಿ ಮತ್ತೆ ಹಚ್ಚುವುದು. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಂಕಿ ಬರುವಂತೆ ಅವಳು ಆಗಲೇ ಮಾಡಿಟ್ಟಿದ್ದಳು. ಎರಡೂ ಅಂಗಡಿಯ ಬಿಲ್ಲಿನ ಮೇಲೆ ಒಂದೇ ಅಂಕಿ ಬಂದರೆ ಎರಡೂ ಒಂದೇ.)

ಮಗಳು: ಕಾಕಾ, ಒಮ್ಮೆ ಎಣಿಸಿ ಹೇಳ್ರಿ. ಈ ಪ್ರೋಗ್ರಾಮ್ ಒಟ್ಟ ಎಷ್ಟು ಕಡೆ ಅದ?

ಇವರು: ಎರಡು ಕಡೆ. ಶೆಡ್ಡು, ಅಕ್ಕಲಕೋಟಿ.

ಮಗಳು: ಎರಡ?

ಇವರು: ಎರಡ.

ರಾತ್ರಿ ಹತ್ತರ ಸುಮಾರಿಗೆ ಅಕ್ಕಲಕೋಟೆಯಿಂದ ಫೋನ್ ಬಂತು. ಕೆಲಸ ಮುಗಿದಿದೆ. ಒಂದು ಡಬಲ್ ಚಾದರದ ಬಿಲ್ ಹೊಡೆದು ನೋಡಿದ್ದಾರೆ, ಪರದೆಯಲ್ಲೂ 950, ಕಾಗದದಲ್ಲೂ 950. ಕೆಳಗಿನ ಅಂಕಿ ಶೆಡ್ಡಿನದೂ ಅಲ್ಲಿನದೂ 12. ಹುಡುಗನ ಕೈಯಲ್ಲೇ ಬಿಲ್ ಹೊಡೆಸಿದರಂತೆ. ಇವರ ದನಿಯಲ್ಲಿ ಬಹಳ ದಿನಗಳ ಮೇಲೆ ಒಂದು ಹುರುಪಿತ್ತು. ಬರುವಾಗ ಹೊಟ್ಟೆ ಹಸಿದಿರುತ್ತದೆ, ರೊಟ್ಟಿ ಇಟ್ಟಿರು ಎಂದರು.

ರೊಟ್ಟಿ ಬಡಿಯುತ್ತಿರುವಾಗ ಕಲಬುರಗಿಯ ಬೀಗಿತ್ತಿಯ ಫೋನು. ಮೊಮ್ಮಗನ ಜಾವಳಕ್ಕೆ ಹನ್ನೆರಡು ಡಬಲ್ ಚಾದರ ಬೇಕು, ದರ ಎಷ್ಟು ಎಂದರು. ಹಿಟ್ಟಿನ ಕೈ ಒರೆಸಿಕೊಂಡು ಫೋನಿನಲ್ಲೇ ಒತ್ತಿ ನೋಡಿ ಹೇಳಿದೆ. ಹೇಳಿ ಆದ ಮೇಲೆ ಹೇಳಿದ್ದು ಏನೆಂದು ಕಿವಿಗೆ ಬಿತ್ತು.

ಹನ್ನೊಂದೂವರೆಗೆ ಇಬ್ಬರೂ ಬಂದರು. ತಾಟಿನ ಮುಂದೆ ಕೂತ ಮೇಲೆ ಫೋನನ್ನು ಮಗಳ ಕೈಗೆ ಕೊಟ್ಟೆ. ಅವಳು ನೋಡಿದಳು, ಬೆರಳಿನಿಂದ ಎಳೆದು ಇನ್ನೊಮ್ಮೆ ನೋಡಿದಳು. ಇವರಿಗೆ ತೋರಿಸಿದಳು. ನವಿಲಿನ ಚಿತ್ರದ ಕೆಳಗೆ 1,050, ಅದರ ಕೆಳಗೆ ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ 9.

ಮಗಳು: ಇದು ನಿಮ್ಮ ಫೋನಿನ್ಯಾಗ ಹ್ಯಾಂಗ ಬಂತು ಕಾಕು?

ನಾನು: ಹೋದ ದೀಪಾವಳಿಗೆ ನೀನ ಹಾಕಿಕೊಟ್ಟಿದ್ದಿ.